ಕಾರಿನ ಕಿವಿಗೆ ಹತ್ತಿ

ನಮ್ಮ ದೇವದುರ್ಗದ ಮನೆಯಲ್ಲಿ ಕಾರು ಅಂದರೆ ಕೋಳಿ ಮೊಟ್ಟೆ ಇಡುವ ಜಾಗ ಎಂದಿದ್ದ ಕಾಲ ಅದು. ಅಪ್ಪ ಬಾಡಿಗೆಗೆ ಓಡಿಸಿ ಓಡಿಸಿ ಕೈಬಿಟ್ಟಿದ್ದ ಅಂಬಾಸಿಡರ್, ಅಂಗಳದ ಬೇವಿನ ಗಿಡದ ಕೆಳಗೆ ಟಯರು ಹೂತುಕೊಂಡು ನಿಂತಿತ್ತು. ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟ ಬೇಸಿಗೆ. ಅಣ್ಣ ಶರಣಪ್ಪ ರಾಯಚೂರಿನ ಗ್ಯಾರೇಜಿನಲ್ಲಿ ಒಂದು ವರ್ಷ ಕೆಲಸ ಕಲಿತು ಊರಿಗೆ ಬಂದಿದ್ದ.

"ಮಳಿ ಬರೂದ್ರಾಗ ಇಲ್ಲಿ ಎಮ್ಮಿ ಕೊಟಗಿ ಹಾಕಬೇಕು. ಗಾಡಿ ಗುಜರಿಗೆ ಕೊಡತೀನಿ" ಎಂದ ಅಪ್ಪ.

"ಯಪ್ಪಾ, ಕಾರಹುಣ್ಣಿಮಿ ತನಕ ಟೈಮ್ ಕೊಡು. ಚಾಲೂ ಆದ್ರ ನಾನಽ ಓಡಸ್ತೀನಿ. ಆಗಲಿಲ್ಲಂದ್ರ ಗ್ಯಾರೇಜಿನ ಹೆಸರ ಎತ್ತಂಗಿಲ್ಲ. ನೀ ಹೇಳಿದಂಗ ರೈಸ್ ಮಿಲ್ಲಿಗೆ ಹೋಗ್ತೀನಿ."

ಆ ಬೇಸಿಗೆಯಷ್ಟು ಸುಖ ನಾನು ಮತ್ತೆ ಕಂಡಿಲ್ಲ. ತಗ್ಗು ಬಿದ್ದ ಬಾಗಿಲಿಗೆ ಒಳಗಿನಿಂದ ಕಬ್ಬಿಣದ ಗಟ್ಟಿ ಒತ್ತಿ ಹಿಡಿಯುವುದು ನನ್ನ ಕೆಲಸ, ಹೊರಗಿನಿಂದ ಸುತ್ತಿಗೆ ಬಡಿಯುವುದು ಅಣ್ಣನ ಕೆಲಸ.

"ನೀಲಾ, ಹಿಡದಿಯೇನು?"

"ಹ್ಞೂಂ, ಹೊಡಿ!"

ತಗಡು ನಿಧಾನವಾಗಿ ಉಬ್ಬಿ ಸಮವಾಗುತ್ತಿತ್ತು. ತುಕ್ಕು ಕೆರೆದೆವು, ತಗ್ಗು ತುಂಬಲು ಲಪ್ಪ ಹಚ್ಚಿದೆವು, ನೀರು ಹಾಕಿ ಮರಳುಕಾಗದದಿಂದ ತಿಕ್ಕಿದೆವು. ಅಣ್ಣ ಇಂಜಿನ್, ಕಾರ್ಬೊರೇಟರು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು ಕೂಡಿಸಿದ. ನಮ್ಮ ಕೈವಾಸನೆಗೆ ಅವ್ವ ಬೈಯುತ್ತಿದ್ದಳು, "ರೊಟ್ಟಿ ತಿಂತೀರೋ, ಸೀಮೆಎಣ್ಣಿ ತಿಂತೀರೋ?" ಬೈದು, ಮಂಡಾಳ ಒಗ್ಗರಣೆ ಮಾಡಿ ಮೇಲೊಂದು ಮಿರ್ಚಿ ಇಟ್ಟು ಕೊಡುತ್ತಿದ್ದಳು.

ಹಳೆಯ ಸೈಲೆನ್ಸರು ಜರಡಿಯಾಗಿತ್ತು. ಹೊಸದನ್ನು ತರಲು ಇಬ್ಬರೂ ರಾಯಚೂರಿಗೆ ಹೋದೆವು. ಬರುವಾಗ ಗಬ್ಬೂರಿನಲ್ಲಿ ಬಸ್ಸು ತುಂಬಿತು. ಅಣ್ಣನ ತೊಡೆಯ ಮೇಲಿನ ಕೊಳವೆ ನೋಡಿ ಕಂಡಕ್ಟರು, "ಏನೋ ತಮ್ಮಾ, ದೇವದುರ್ಗದ ಮ್ಯಾಲ ತೋಪು ಹಾರಸಾಕ ಹೊಂಟಿಯೇನು?" ಎಂದ. ಬಸ್ಸೆಲ್ಲ ನಕ್ಕಿತು. ಅಣ್ಣ ಮಾತ್ರ ಕೂಸನ್ನು ಹಿಡಿದಂತೆ ಅದನ್ನು ಹಿಡಿದು ಕೂತಿದ್ದ. ಮನೆಗೆ ಬಂದು ಒಂದೂ ಸಂದಿಲ್ಲದಂತೆ ಕೂಡಿಸಿದ.

ನಮ್ಮ ಕಡೆ ಬಿಸಿಗಾಳಿ ಬೀಸುವ ದಿನಗಳಲ್ಲಿ ಹೊರಗೆ ಹೋಗುವ ಮಕ್ಕಳ ಕಿವಿಗೆ ಹತ್ತಿ ಇಟ್ಟು ಕಳಿಸುತ್ತಾರೆ. ಅವ್ವ ನನಗೂ ಇಡುತ್ತಿದ್ದಳು. ಒಂದು ಮಧ್ಯಾಹ್ನ ಅಂಗಳದಲ್ಲಿ ಕೆಂಧೂಳು ಎದ್ದಾಗ ಆ ಹೊಸ ಕೊಳವೆ ಬಾಯಿ ತೆರೆದುಕೊಂಡಿದ್ದು ನೋಡಿ ಕಾರಿನ ಕಿವಿಗೂ ಹತ್ತಿ ಬೇಕು ಅನಿಸಿತು. ಹಳೇ ಗಾದಿಯ ಹತ್ತಿ ಕಿತ್ತು, ಹಸಿ ಅರಿವೆಯಲ್ಲಿ ಸುತ್ತಿ, ಹತ್ತಿಕಟ್ಟಿಗೆಯಿಂದ ಗಟ್ಟಿಯಾಗಿ ಒಳಗೆ ಜಡಿದೆ. ಮರುದಿನ ಬಣ್ಣದ ಕೆಲಸ ಶುರುವಾಯಿತು. ಆ ಸಡಗರದಲ್ಲಿ ಹತ್ತಿಯನ್ನು ಮರೆತೇಬಿಟ್ಟೆ.

ಕಾರಹುಣ್ಣಿಮೆಯ ದಿನ ಓಣಿಯೆಲ್ಲ ನೆರೆದಿತ್ತು, ಹಬ್ಬಕ್ಕೆ ಮಾವನೂ ಬಂದಿದ್ದ. ನಾನು ಮುಂದಿನ ಬಾಗಿಲು ತೆಗೆದೆ.

"ನೀ ಹಿಂದ ಕೂಡು ಬೇ. ಮುಂದ ಮಾವ ಕೂಡ್ತಾನ" ಎಂದ ಅಣ್ಣ. ಇಡೀ ಬೇಸಿಗೆ ಅವನ ಜೊತೆ ದುಡಿದವಳಿಗೆ ಇದು ಚುಚ್ಚಿತು. ಬಾಗಿಲು ಬಿಟ್ಟು ದೂರ ಹೋಗಿ ನಿಂತೆ.

ಕೀಲಿ ತಿರುಗಿಸಿದ. ಕಾರು ಗರ್ರೆಂದಿತು, ಒಮ್ಮೆ ಕೆಮ್ಮಿತು, ನಿಂತಿತು. ಅಣ್ಣ ಪ್ಲಗ್ ಬಿಚ್ಚಿದ, ಪೆಟ್ರೋಲು ನೋಡಿದ, ಮತ್ತೆ ತಿರುಗಿಸಿದ. ತಾನೇ ಹೊಸದಾಗಿ ಕೂಡಿಸಿದ ಸೈಲೆನ್ಸರಿನ ಮೇಲೆ ಅವನಿಗೆ ಅನುಮಾನವೇ ಬರಲಿಲ್ಲ. ನನಗೆ ಮಾತ್ರ ಥಟ್ಟನೆ ಹತ್ತಿ ನೆನಪಾಯಿತು. ಹೊಗೆಗೆ ಹೊರಹೋಗುವ ದಾರಿಯೇ ಇರಲಿಲ್ಲ. ಆದರೂ ಸಿಟ್ಟು. ಇನ್ನೊಂದಿಷ್ಟು ಒದ್ದಾಡಲಿ, ಆಮೇಲೆ ಹೇಳಿದರಾಯಿತು ಅಂದುಕೊಂಡೆ.

ಅಷ್ಟರಲ್ಲಿ ಬ್ಯಾಟರಿ ಸತ್ತಿತು. ಅಪ್ಪ ಎಲ್ಲರೆದುರು, "ಸಾಕು ಬಿಡೋ. ಇದು ನಿನ್ನ ಕೈಗೆ ಹತ್ತೂ ಕೆಲಸಲ್ಲ" ಎಂದ. ಅಣ್ಣ ತಲೆ ತಗ್ಗಿಸಿದ. ಅಪ್ಪನ ಮುಖ ನೋಡಿ ಹೆದರಿ ನಾನು ಅವ್ವನ ಹಿಂದೆ ಸರಿದೆ. ಗುಜರಿಯವರು ಕಾರನ್ನು ಎಳೆದುಕೊಂಡು ಹೋಗುವಾಗಲೂ ನಾನು ಬಾಯಿ ಬಿಡಲಿಲ್ಲ.

ಅಣ್ಣ ಮಾನ್ವಿಯ ರೈಸ್ ಮಿಲ್ಲು ಸೇರಿದ. ಚೆನ್ನಾಗಿಯೇ ಇದ್ದಾನೆ, ಮನೆ ಕಟ್ಟಿಸಿದ್ದಾನೆ, ಮಕ್ಕಳು ಓದಿವೆ. ಆದರೆ ತನ್ನ ಬೈಕು ಕೆಟ್ಟರೂ ಸ್ಪ್ಯಾನರ್ ಮುಟ್ಟುವುದಿಲ್ಲ. ಮೆಕ್ಯಾನಿಕ್ ಹತ್ತಿರ ತಳ್ಳಿಕೊಂಡು ಹೋಗುತ್ತಾನೆ. ಕೇಳಿದರೆ, "ನನಗ ಬರಂಗಿಲ್ಲ ಬಿಡವಾ" ಎಂದು ನಗುತ್ತಾನೆ.

ಹೋದ ತಿಂಗಳು ಅವನ ಮನೆಯ ಕಟ್ಟೆಯ ಮೇಲೆ ಕೂತಾಗ ಎಲ್ಲ ಹೇಳಿಬಿಟ್ಟೆ. ಅಳುತ್ತಲೇ ಹೇಳಿದೆ. ಅವನು ಚಾದ ಕಪ್ಪು ಕೆಳಗಿಟ್ಟ.

"ಹಂಗಾದ್ರ ಇಂಜಿನ್ ಸರಿ ಇತ್ತು?"

"ಸರಿ ಇತ್ತಣ್ಣ."

"ಕಾರ್ಬೊರೇಟರು?"

"ಎಲ್ಲಾ ಸರಿ ಇತ್ತು."

ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ಒಳಗೆ ತಿರುಗಿ ಹೆಂಡತಿಗೆ ಕೂಗಿದ, "ಏ, ಕೇಳಿಲ್ಲಿ! ನನ್ನ ಗಾಡಿ ಚಾಲೂ ಆಗ್ತಿತ್ತಂತ!"

"ಯಾವ ಗಾಡಿರೀ? ಚಾ ಆರಾಕತ್ತದ, ಮೊದಲು ಕುಡೀರಿ."

ಅವನು ನಗುತ್ತಲೇ ಇದ್ದ. ಹಾಗೆ ನಗುವುದನ್ನು ನಾನು ಆ ಬೇಸಿಗೆಯ ನಂತರ ನೋಡಿರಲಿಲ್ಲ. ಕಾರು ಹೋದದ್ದು ನನಗೆ ಅಷ್ಟು ದೊಡ್ಡದಲ್ಲ. ತನಗೆ ಕೆಲಸ ಬರುತ್ತಿತ್ತು ಎಂಬ ಒಂದು ಮಾತು ಕೇಳಲು ಅಣ್ಣನಿಗೆ ಕೂದಲು ಬೆಳ್ಳಗಾಗುವ ತನಕ ಕಾಯಬೇಕಾಯಿತು. ಅಷ್ಟೂ ವರ್ಷ ಆ ಮಾತು ನನ್ನ ಹತ್ತಿರವೇ ಇತ್ತು.