ಮೂಗಣ್ಣ ಮತ್ತು ಸೀಟಿನಡಿಯ ಟ್ಯಾಂಕು

ಮೂಗಣ್ಣನ ಮೂಗೇನೂ ದೊಡ್ಡದಲ್ಲ. ಮುಖಕ್ಕೆ ತಕ್ಕ ಮೂಗು, ಅಷ್ಟೇ. ಆದರೂ ಅವನ ನಿಜವಾದ ಹೆಸರು ಎದುರಿನ ಟೈರ್ ಅಂಗಡಿಯವನಿಗೂ ಗೊತ್ತಿಲ್ಲ. ಗಾಡಿ ಬಂದು ನಿಂತರೆ ಬೇರೆ ಮೆಕ್ಯಾನಿಕ್‌ಗಳು ಬಾನೆಟ್ ಎತ್ತುತ್ತಾರೆ. ಇವನು ಬೆನ್ನ ಹಿಂದೆ ಕೈ ಕಟ್ಟಿಕೊಂಡು ಗಾಡಿಗೆ ಎರಡು ಸುತ್ತು ಹಾಕುತ್ತಿದ್ದ, ಅಲ್ಲಲ್ಲಿ ಬಗ್ಗಿ ಮೂಸುತ್ತಿದ್ದ. ಕ್ಲಚ್ ಸುಟ್ಟಿದೆ, ಬ್ಯಾಟರಿ ಕುದಿಯುತ್ತಿದೆ, ಪೆಟ್ರೋಲಿಗೆ ಯಾರೋ ಸೀಮೆಎಣ್ಣೆ ಬೆರೆಸಿದ್ದಾರೆ ಎಂದು ಒಂದು ನಟ್ಟೂ ಬಿಚ್ಚದೆ ಹೇಳುತ್ತಿದ್ದ. ಕೆಲಸ ಮುಗಿದ ಮೇಲೆ ಮತ್ತೆ ಎರಡು ಸುತ್ತು. ಅದನ್ನು ನೋಡದೆ ಯಾವ ಗಿರಾಕಿಯೂ ಗಾಡಿ ತೆಗೆದುಕೊಂಡು ಹೋಗುತ್ತಿರಲಿಲ್ಲ. ರಬ್ಬರ್ ಪೈಪುಗಳನ್ನು ಇಂತಿಷ್ಟು ವರ್ಷಕ್ಕೊಮ್ಮೆ ಬದಲಾಯಿಸಬೇಕು ಎಂದು ಗಾಡಿಯ ಪುಸ್ತಕದಲ್ಲಿ ಬರೆದಿದ್ದರೆ, ಬರೆದವನಿಗೆ ನೆಗಡಿಯಾಗಿದ್ದಿರಬೇಕು ಎನ್ನುತ್ತಿದ್ದ. ಅವನ ಪ್ರಕಾರ ವಾಸನೆ ಬಿಡುವ ತನಕ ಪೈಪು ಗಟ್ಟಿಯೇ.

ಎರಡು ತಿಂಗಳ ಹಿಂದೆ ನೆಗಡಿ ಅವನಿಗೇ ಬಂತು. ಜ್ವರ ಹೋಯಿತು, ಕೆಮ್ಮು ಹೋಯಿತು, ಹೋಗುವಾಗ ವಾಸನೆಯನ್ನೂ ಹೊತ್ತುಕೊಂಡು ಹೋದವು. ಮೊದಲ ವಾರ ಮೂಗು ಕಟ್ಟಿದೆ ಅಂದುಕೊಂಡ. ಮೂರನೆಯ ವಾರ ಪೆಟ್ರೋಲ್ ಡಬ್ಬಿಯ ಮುಚ್ಚಳ ತೆಗೆದು ಮುಖವನ್ನೇ ಒಡ್ಡಿದ. ಡಬ್ಬಿಯಲ್ಲಿ ನೀರಿದ್ದರೂ ಅಷ್ಟೇ, ಪೆಟ್ರೋಲಿದ್ದರೂ ಅಷ್ಟೇ. ಯಾರಿಗೂ ಹೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ. ಒಂದು ದಿನ ಒಲೆಯ ಮೇಲೆ ಹಾಲು ಸೀದು ಅದರ ವಾಸನೆ ಬೀದಿಯವರೆಗೆ ಹೋದಾಗ, ಅಡುಗೆಮನೆಯ ಬಾಗಿಲಲ್ಲೇ ಕೂತಿದ್ದ ಮೂಗಣ್ಣ ಪೇಪರ್ ಓದುತ್ತಿದ್ದ. ಓದಿನಲ್ಲಿ ಮುಳುಗಿಹೋಗಿದ್ದೆ ಎಂದ. ಅವಳು ಅವನನ್ನೊಮ್ಮೆ, ಪಾತ್ರೆಯನ್ನೊಮ್ಮೆ ನೋಡಿ, ಪಾತ್ರೆ ಉಜ್ಜಲು ಹೋದಳು. ಶೆಡ್ಡಿನಲ್ಲಿ ಕಣ್ಣು, ಕೈ, ಮೂವತ್ತು ವರ್ಷದ ಅಂದಾಜು ಎಲ್ಲ ಸೇರಿಸಿ ಹೇಗೋ ದಿನ ತಳ್ಳುತ್ತಿದ್ದ. ಎರಡು ಸುತ್ತು ಹಾಕುವುದನ್ನು ಮಾತ್ರ ಬಿಡಲಿಲ್ಲ. ಅದನ್ನೂ ಬಿಟ್ಟರೆ ತನಗೂ ಪಕ್ಕದ ಬೀದಿಯ ಮೆಕ್ಯಾನಿಕ್‌ಗೂ ಏನು ವ್ಯತ್ಯಾಸ ಎಂಬ ಭಯ ಅವನಿಗೆ.

ದನದ ಡಾಕ್ಟ್ರಮ್ಮನ ಜೀಪು ಬಂದದ್ದು ಇಂಥ ಹೊತ್ತಿನಲ್ಲಿ. ವಯಸ್ಸಿನಲ್ಲಿ ಡಾಕ್ಟ್ರಮ್ಮನಿಗಿಂತ ಜೀಪೇ ಎರಡು ವರ್ಷ ಹಿರಿಯದು. ಗುಡ್ಡದ ಮೇಲಿನ ಕೊಟ್ಟಿಗೆಗಳಿಗೆ ಬೇರೆ ಯಾವ ಗಾಡಿಯೂ ಹತ್ತುವುದಿಲ್ಲವೆಂದು ಅವರು ಅದನ್ನು ಬಿಟ್ಟಿರಲಿಲ್ಲ. ಅದರ ಪೆಟ್ರೋಲ್ ಟ್ಯಾಂಕು ಇರುವುದು ಡ್ರೈವರ್ ಸೀಟಿನ ಅಡಿಯಲ್ಲೇ. ಅದೀಗ ತುಕ್ಕು ಹಿಡಿದು ಹನಿಯುತ್ತಿತ್ತು. ತೂತಿಗೆ ಸೋಪು ಮೆತ್ತಿ ಮೆತ್ತಿ ತಿಂಗಳುಗಟ್ಟಲೆ ಓಡಿಸಿದೆ ಎಂದು ಡಾಕ್ಟ್ರಮ್ಮ ತಪ್ಪೊಪ್ಪಿಕೊಂಡರು. ಈಗ ಹಸುಗಳು ತನ್ನ ವಾಸನೆ ಹಿಡಿದು, ಸೂಜಿ ಕಾಣುವ ಮೊದಲೇ ಓಟ ಕೀಳುತ್ತವೆ ಎಂದೂ ಹೇಳಿದರು.

ಮೂಗಣ್ಣ ಬ್ಯಾಟರಿಯ ತಂತಿ ಕಳಚಿ, ಉಳಿದಿದ್ದ ಪೆಟ್ರೋಲನ್ನು ಡಬ್ಬಿಗಳಿಗೆ ಇಳಿಸಿ, ಸೀಟು ಎತ್ತಿದ. ಟ್ಯಾಂಕನ್ನು ಬಿಗಿದಿದ್ದ ಪಟ್ಟಿಯ ಬೋಲ್ಟುಗಳು ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಎಣ್ಣೆ ಬಿಟ್ಟ, ತಟ್ಟಿದ, ಅವುಗಳ ವಂಶವನ್ನೆಲ್ಲ ಬೈದ, ಕೊನೆಗೆ ಪಟ್ಟಿಯನ್ನೇ ಕೈಗರಗಸದಲ್ಲಿ ಕೊಯ್ದ. ಬೆಳಕಿಗೆ ಹಿಡಿದರೆ ಹಳೆಯ ಟ್ಯಾಂಕಿನ ತಳ ಜರಡಿಯಾಗಿತ್ತು. ಹೊಸದನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಒಂದು ಗುಳ್ಳೆಯೂ ಬರದಿದ್ದುದನ್ನು ನೋಡಿ, ಒರೆಸಿ ಒಣಗಿಸಿ, ಅಡಿಗೆ ದಪ್ಪ ಬಟ್ಟೆಯ ಹಾಸು ಕೊಟ್ಟು ಕೂರಿಸಿದ. ಹೊಸ ಪಟ್ಟಿ, ಹೊಸ ಬೋಲ್ಟು. ಉಳಿದದ್ದು ಪೆಟ್ರೋಲ್ ಹಾಕುವ ಬಾಯಿಂದ ಟ್ಯಾಂಕಿಗೆ ಇಳಿಯುವ ದಪ್ಪ ರಬ್ಬರ್ ಪೈಪು. ಹಳೆಯದು ನೋಡಲು ಚೆನ್ನಾಗಿಯೇ ಇತ್ತು. ಅಭ್ಯಾಸಬಲದಿಂದ ಮೂಗಿಗೆ ಹಿಡಿದ, ವಾಸನೆ ಬರಲಿಲ್ಲ, ಗಟ್ಟಿಯಿದೆ ಎಂದು ಹಾಕಿಬಿಟ್ಟ.

ಮಾರನೆಯ ದಿನ ಮಧ್ಯಾಹ್ನ ಡಾಕ್ಟ್ರಮ್ಮ ಬಂದರು. ಮೂಗಣ್ಣ ಅವರ ಎದುರಿಗೇ ಡಬ್ಬಿಗಳ ಪೆಟ್ರೋಲನ್ನು ಟ್ಯಾಂಕಿಗೆ ಸುರಿದು, ಬ್ಯಾಟರಿಯ ತಂತಿ ಜೋಡಿಸಿ, ಗಂಭೀರವಾಗಿ ಎರಡು ಸುತ್ತು ಹಾಕಿ, ತಲೆಯಾಡಿಸಿದ. ಡಾಕ್ಟ್ರಮ್ಮ ಹತ್ತಿ ಕೂತು ಮೂಗರಳಿಸಿದರು.

"ಮೂಗಣ್ಣ, ನನಗಿನ್ನೂ ಸ್ವಲ್ಪ ವಾಸನೆ ಬರ್ತಿದೆಯಲ್ಲ?"

"ಅದು ಸೀಟಿಂದು ಡಾಕ್ಟ್ರೇ, ಹಳೇ ವಾಸನೆ. ಎರಡು ದಿನ ಬಿಸಿಲಲ್ಲಿ ನಿಂತ್ರೆ ಹೋಗುತ್ತೆ."

"ನೀವು ಹೇಳಿದ್ಮೇಲೆ ಮುಗೀತು," ಎಂದು ಅವರು ಕೀ ಹಾಕಿದರು.

ಮೂಗಣ್ಣ ಆ ಕೀಯನ್ನೇ ನೋಡಿದ. ಯಾವ ಮೂಗಿನ ಮಾತು ನಂಬಿ ಈ ಹೆಣ್ಣುಮಗಳು ಟ್ಯಾಂಕಿನ ಮೇಲೆ ಕೂತು ಗುಡ್ಡ ಹತ್ತುತ್ತಾಳೆ? ಪೈಪಿಗೂ ಇದೇ ಮೂಗು ತಾನೇ ಸರಿಯೆಂದದ್ದು? ಅವನು ಕೈ ಚಾಚಿ ಸ್ಟೀರಿಂಗ್ ಹಿಡಿದುಕೊಂಡ.

"ಕೀ ತಿರುಗಿಸ್ಬೇಡಿ ಡಾಕ್ಟ್ರೇ. ಎರಡು ತಿಂಗಳಾಯ್ತು, ನನಗೆ ಯಾವ ವಾಸನೇನೂ ಬರ್ತಿಲ್ಲ. ಈಗ ಹೇಳಿದ್ದು ಸುಳ್ಳು."

ಡಾಕ್ಟ್ರಮ್ಮ ಕೀ ತೆಗೆದು ಇಳಿದರು. ಇಬ್ಬರೂ ಸೇರಿ ಸೀಟು ಎತ್ತಿದರು. ಅವರು ಬಗ್ಗಿ, ಮೂಸಿ, ರಬ್ಬರ್ ಪೈಪಿನ ಅಡಿಗೆ ಬೆರಳು ಹಾಕಿದರು. ಬೆರಳು ಒದ್ದೆಯಾಗಿತ್ತು. ಕಣ್ಣಿಗೆ ಕಾಣದ ಮಗ್ಗುಲಲ್ಲಿ ಕೂದಲೆಳೆಯಷ್ಟು ಸೀಳು. ಸುರಿಯುವಾಗ ಜಿನುಗಿದ ಪೆಟ್ರೋಲನ್ನೆಲ್ಲ ಟ್ಯಾಂಕಿನ ಹಾಸು ಕುಡಿದಿತ್ತು. ಮೂಗಣ್ಣ ಪಕ್ಕದಲ್ಲಿದ್ದ ಹಳೆಯ ಟೈರಿನ ಮೇಲೆ ಕೂತುಬಿಟ್ಟ. ಕಿಡಿ ಹಾರಿದ್ದರೆ ಏನಾಗುತ್ತಿತ್ತೆಂದು ಇಬ್ಬರಿಗೂ ಗೊತ್ತಿತ್ತು.

ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಡಾಕ್ಟ್ರಮ್ಮ ಬೈಯಲಿಲ್ಲ. ಹೇಗಾಯಿತು, ಯಾರಿಗಾದರೂ ತೋರಿಸಿದಿರಾ ಎಂದು ಕೇಳಿದರು. ತಾನು ಬಾಲ ಇರುವವರ ಡಾಕ್ಟರ್, ನಾಳೆಯೇ ಮನುಷ್ಯರ ಡಾಕ್ಟರ ಹತ್ತಿರ ಹೋಗಿ ಎಂದರು. ಕೆಲವರಿಗೆ ವಾಸನೆ ವಾಪಸ್ ಬರುತ್ತದೆ, ಕೆಲವರಿಗೆ ಬರುವುದಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ. ಅವನು ಎದ್ದು ಅಂಗಡಿಗೆ ಹೋಗಿ ಹೊಸ ಪೈಪು ತಂದ.

ಪೆಟ್ರೋಲನ್ನು ಮತ್ತೆ ಡಬ್ಬಿಗಳಿಗೆ ಇಳಿಸಿ, ಪೈಪು ಹಾಕಿ, ಹಾಸು ಬದಲಾಯಿಸಿ, ಎಲ್ಲ ಒರೆಸಿ, ಗಾಳಿಯಾಡಲು ಬಿಟ್ಟು, ಮತ್ತೆ ಪೆಟ್ರೋಲ್ ಸುರಿದದ್ದಾಯಿತು. ಈಗ ಮೂಸುವವರು ಯಾರು? ತಿಂಗಳುಗಟ್ಟಲೆ ಪೆಟ್ರೋಲಿನ ಮೇಲೇ ಕೂತವಳ ಮೂಗಿಗೆ ಬೆಲೆಯಿಲ್ಲ ಎಂದು ಡಾಕ್ಟ್ರಮ್ಮ ಕೈಚೆಲ್ಲಿದರು. ಮೂಗಣ್ಣ ಶೆಡ್ಡಿನ ಹಿಂದಿನ ಮನೆಗೆ ಹೋಗಿ ಹೆಂಡತಿಯನ್ನು ಕರೆತಂದ. ದಾರಿಯಲ್ಲಿ, ತನ್ನ ಮೂಗು ಎಂದು ಶುರು ಮಾಡಿದ.

"ಗೊತ್ತು ಬಿಡಿ," ಎಂದಳು ಅವಳು. "ಹಾಲು ಸೀದ ದಿನಾನೇ ಗೊತ್ತಾಯ್ತು. ನೀವಾಗೇ ಹೇಳ್ಲಿ ಅಂತ ಕಾಯ್ತಿದ್ದೆ."

ಅವಳು ಸೆರಗಿಗೆ ಕೈ ಒರೆಸಿ, ಥೇಟ್ ಗಂಡನಂತೆ ಕೈ ಹಿಂದೆ ಕಟ್ಟಿಕೊಂಡು ಜೀಪಿಗೆ ಎರಡು ಸುತ್ತು ಹಾಕಿದಳು. ಡಾಕ್ಟ್ರಮ್ಮ ನಗು ತಡೆಯಲು ಆ ಕಡೆ ತಿರುಗಿದರು. ಮೂಗಣ್ಣನಿಗೆ ನಗು ಬರಲಿಲ್ಲ. ಫಲಿತಾಂಶಕ್ಕೆ ಕಾದ ವಿದ್ಯಾರ್ಥಿಯ ಹಾಗೆ ಅವಳ ಮುಖವನ್ನೇ ನೋಡುತ್ತಿದ್ದ. ಅವಳು ಸೀಟಿನ ಅಡಿಗೆ ತಲೆ ಹಾಕಿ, ಬಹಳ ಹೊತ್ತು ಮೂಸಿ, ಎದ್ದು ನಿಂತಳು.

"ಏನೂ ಇಲ್ಲ."

"ಸರಿಯಾಗಿ ನೋಡ್ದ್ಯಾ? ಇನ್ನೊಂದು ಸಲ ನೋಡು."

"ರೀ, ಇಷ್ಟು ವರ್ಷದಲ್ಲಿ ನಿಮ್ಮನ್ನ ಯಾರಾದ್ರೂ ಹಾಗೆ ಕೇಳಿದ್ರಾ?"

ಯಾರೂ ಕೇಳಿರಲಿಲ್ಲ. ಮೂಗಣ್ಣ ಜೀಪಿನ ಮುಂದಿನಿಂದ ಸರಿದು, ಡಾಕ್ಟ್ರಮ್ಮನಿಗೆ ಹೊರಡಿ ಎಂದು ಕೈ ಮಾಡಿದ.