ಧರ್ಮದ ಮದ್ದಿಗೆ ಎರಡು ಸುರುಳಿ ಹಗ್ಗ

ಬಡವರಿಗೆ ಪುಕ್ಕಟೆ ಏನಾದರೂ ಕೊಡಲು ಹೊರಟವರು ಮೊದಲು ನನ್ನಂತಹ ವ್ಯಾಪಾರಿಯನ್ನು ಒಂದು ಮಾತು ಕೇಳುವುದು ಒಳ್ಳೆಯದು. ಮಾರುವುದಕ್ಕಿಂತ ಕೊಡುವುದು ಕಷ್ಟ. ಇದು ನನಗೆ ತಿಳಿದದ್ದು ಐವತ್ತರ ದಶಕದ ಕೊನೆಯಲ್ಲಿ, ಒಂದು ಕುದ್ರುವಿನಲ್ಲಿ. ಹೊಳೆ ಕಡಲು ಸೇರುವಲ್ಲಿ ನೀರಿನ ನಡುವೆ ಉಳಿದ ತುಂಡು ನೆಲಕ್ಕೆ ನಾವು ಕುದ್ರು ಎನ್ನುತ್ತೇವೆ. ಅಲ್ಲಿದ್ದದ್ದು ಬಡ ಕ್ರೈಸ್ತರ ಮನೆಗಳು. ಹೆಂಗಸರು ತೆಂಗಿನ ಸಿಪ್ಪೆಯನ್ನು ನೀರಿನಲ್ಲಿ ಕೊಳೆಹಾಕಿ, ನಾರು ತೆಗೆದು ಹಗ್ಗ ಹೊಸೆದು ಬದುಕುತ್ತಿದ್ದರು.

ನಾನಾಗ ಮಲ್ಪೆಯಲ್ಲಿ ಮೀನಿನ ವ್ಯಾಪಾರ ಹಿಡಿದಿದ್ದೆ. ಆ ಕುದ್ರುವಿನಲ್ಲಿ ಮಕ್ಕಳ ಉಸಿರು ಕಟ್ಟಿಸುವ ಗಂಟಲಮಾರಿ ಹಬ್ಬಿದಾಗ ಧರ್ಮಾಸ್ಪತ್ರೆಯ ಡಾಕ್ಟರು ಹುಡುಕಿಕೊಂಡು ಬಂದದ್ದು ನನ್ನನ್ನಲ್ಲ, ನನ್ನ ಐಸ್ ಪೆಟ್ಟಿಗೆಯನ್ನು. ಮದ್ದು ತಂಪಾಗಿಯೇ ಇರಬೇಕಂತೆ. ಪೆಟ್ಟಿಗೆಯ ಜೊತೆ ನಾನೂ ದೋಣಿ ಹತ್ತಿದೆ.

ಕೊನೆಯ ಮನೆಯ ಒಳಗೆ ಪುಟ್ಟ ಹುಡುಗಿಯೊಬ್ಬಳು ಸ್ವರ ಹೋಗಿ ಗೋಡೆಗೊರಗಿ ಕುಳಿತಿದ್ದಳು. ಪ್ರತಿ ಉಸಿರಿಗೂ ಕತ್ತಿನ ಗುಳಿ ಒಳಕ್ಕೆ ಸೆಳೆದುಕೊಳ್ಳುತ್ತಿತ್ತು. ಅವಳ ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು. ಹಿಂದಿನ ಮಳೆಗಾಲ ಆಕೆ ಧರ್ಮಕ್ಕೆ ಬಂದ ಹಾಲಿನ ಪುಡಿ ತೆಗೆದುಕೊಂಡಿದ್ದಳು. ಆಮೇಲೆ ಸಂತೆಯಲ್ಲಿ ಹಗ್ಗಕ್ಕೆ ಬೆಲೆ ಹೇಳಿದಾಗಲೆಲ್ಲ, ‘ಬೇಡಿ ತಿನ್ನುವವಳಿಗೆ ಎಂತ ರೇಟು’ ಎಂದು ಜನ ನಗುತ್ತಿದ್ದರು.

ಮನೆಮಾತು ಕೊಂಕಣಿಯಾದರೂ ಡಾಕ್ಟರಿಗೆ ತಿಳಿಯಲೆಂದೇ ಆಕೆ ಕನ್ನಡದಲ್ಲಿ ಹೇಳಿದಳು: “ಧರ್ಮದ್ದು ನಮಗೆ ಬೇಡ. ದೇವರು ಇದ್ದಾರೆ.”

“ಮಗು ಉಳಿಯುವುದಿಲ್ಲಮ್ಮ,” ಎಂದರು ಡಾಕ್ಟರು. ಆಕೆ ಒಮ್ಮೆ ಒಳಗೆ ತಿರುಗಿ ನೋಡಿದಳು, ಕಾಲು ಅಲುಗಲಿಲ್ಲ.

ಜಗಲಿಯ ಮೂಲೆಯಲ್ಲಿ ಹಗ್ಗದ ಸುರುಳಿಗಳಿದ್ದವು. “ಧರ್ಮ ಅಂತ ಯಾರು ಹೇಳಿದ್ದು ಬಾಯಮ್ಮ?” ಎಂದೆ. “ಮದ್ದು ಬಂದದ್ದು ನನ್ನ ಐಸಿನಲ್ಲಿ. ನಾಲ್ಕು ಸುರುಳಿ ಕೊಡಿ.”

“ನಾಲ್ಕಾ? ಆ ಕುಪ್ಪಿಯಲ್ಲಿ ಬಂಗಾರ ಉಂಟಾ? ಒಂದು.”

ಡಾಕ್ಟರು ನನ್ನ ತೋಳು ಹಿಡಿದು ಪಿಸುಗುಟ್ಟಿದರು: “ಒಪ್ಪಿಕೊಳ್ಳಿ ಮಾರಾಯರೆ.”

ಒಪ್ಪುವಂತಿರಲಿಲ್ಲ. ನಾಲ್ಕು ಕೇಳಿದವನು ಒಂದಕ್ಕೇ ತಲೆಯಾಡಿಸಿದರೆ ಅದು ದಯೆಯೆಂದು ಆಕೆಗೆ ಗೊತ್ತಾಗಿಬಿಡುತ್ತಿತ್ತು, ಬಾಗಿಲು ಮುಚ್ಚುತ್ತಿತ್ತು. ಒಳಗಿನ ಉಸಿರಿನ ಸದ್ದು ಕಿವಿಯಲ್ಲಿರುವಾಗಲೇ ಒಂದು ಸುರುಳಿ ಎತ್ತಿ, ಎಳೆ ಬಿಚ್ಚಿ, ಮೂಸಿ ನೋಡಿದೆ.

“ನಾರು ಸರಿ ಕೊಳೆತಿಲ್ಲ. ಮೂರು.”

“ನಿಮ್ಮ ಮೀನಿನಷ್ಟು ಕೊಳೆಯುವುದಿಲ್ಲ ಸಾವ್ಕಾರ್ರೆ. ಒಂದೂವರೆ.”

ಸಂತೆಯಲ್ಲಾದರೆ ಇಲ್ಲಿ ಎದ್ದು ಹೋಗಬೇಕು. ಪೆಟ್ಟಿಗೆ ಎತ್ತಿಕೊಂಡು ಅಂಗಳಕ್ಕಿಳಿದೆ. ಡಾಕ್ಟರ ಮುಖ ನೋಡುವ ಧೈರ್ಯವಾಗಲಿಲ್ಲ. ಹೆಜ್ಜೆ ನಿಧಾನ ಮಾಡುವಂತಿರಲಿಲ್ಲ, ಬೇಗ ಇಡಲು ಕಾಲು ಬರುತ್ತಿರಲಿಲ್ಲ. ಹಿಂದೆ ಆ ಉಸಿರು ಒಮ್ಮೆ ನಿಂತು, ಮತ್ತೆ ಎಳೆಯಿತು.

“ಎರಡು,” ಎಂದಳು ಅಜ್ಜಿ. “ಆದರೆ ಮಗುವಿನ ಸ್ವರ ಬಂದ ಮೇಲೆ.”

“ಆಯಿತು.”

ಆಕೆ ಪಕ್ಕಕ್ಕೆ ಸರಿದಳು. ಡಾಕ್ಟರು ಸೂಜಿ ಚುಚ್ಚುವಾಗ ಹುಡುಗಿಯ ಕೈ ಹಿಡಿದುಕೊಂಡವಳೂ ಅವಳೇ.

ಆಮೇಲೆ ದಿನವೂ ಮಲ್ಪೆಯಲ್ಲಿ ಏಲಂ ಕೂಗುತ್ತಿದ್ದರೂ ನನ್ನ ಕಣ್ಣು ಹೊಳೆಯ ಕಡೆಗೇ. ಕೊನೆಗೊಂದು ಬೆಳಿಗ್ಗೆ ಅಜ್ಜಿ ತಲೆಯ ಮೇಲೆ ಹಗ್ಗ ಹೊತ್ತು ಬಂದಳು. ಸೆರಗು ಹಿಡಿದಿದ್ದ ಹುಡುಗಿ ನನ್ನ ಪೆಟ್ಟಿಗೆ ನೋಡಿ, ಒಡಕು ದನಿಯಲ್ಲಿ, “ಐಸ್ ಕೊಡಿ,” ಎಂದಳು.

“ಸ್ವರ ಕೇಳಿತಲ್ವಾ? ಅಳೆದುಕೊಳ್ಳಿ,” ಎಂದಳು ಅಜ್ಜಿ.

ಮೀನು ಮಾರುವ ಹೆಂಗಸರೆಲ್ಲ ನೋಡುತ್ತಿದ್ದರು. ಎರಡೂ ಕೈ ಚಾಚಿ ಮಾರು ಹಾಕಿ ಎರಡು ಸುರುಳಿಯನ್ನೂ ಪೂರ್ತಿ ಅಳೆದೆ. “ಒಂದು ಗೇಣು ಕಡಿಮೆ ಉಂಟು,” ಎಂದೆ.

“ನಿಮ್ಮ ಕೈ ಉದ್ದ,” ಎಂದು ಆಕೆ ತಲೆಯೆತ್ತಿಕೊಂಡೇ ಹೋದಳು.