ವಿಲ್ಫ್ ಗ್ಯಾರಡ್ ಎರಡನೆಯ ಯಂತ್ರ ಕೊಂಡದ್ದು

ವಿಲ್ಫ್ ಗ್ಯಾರಡ್ ನಮ್ಮ ಬೇಲಿಯ ಆಚೆಯ ಮನೆಯವನು. ಇಂಗ್ಲಿಷ್ ಜಿಲ್ಲೆ ಸಫೋಕಿನ ಈ ಊರಿನಲ್ಲಿ ಮೂವತ್ತೊಂದು ವರ್ಷದಿಂದ ನಾವು ನೆರೆಹೊರೆ. ಮರ ಕೊಯ್ಯುವ ಮಿಲ್ಲಿನಲ್ಲಿ ಮೂವತ್ತೆಂಟು ವರ್ಷ ದುಡಿದು, ಎಡಗೈ ಕಿರುಬೆರಳಿನ ತುದಿಯನ್ನು ಅಲ್ಲಿಯೇ ಬಿಟ್ಟು ನಿವೃತ್ತನಾದ. ಅದೇ ವಾರ ಒಂದು ಮೆಟಲ್ ಡಿಟೆಕ್ಟರ್ ಕೊಂಡು ತಂದ: ನೆಲದೊಳಗಿನ ಲೋಹಕ್ಕೆ ಹೆಡ್‌ಫೋನಿನಲ್ಲಿ ಕೂಗುವ ಯಂತ್ರ, ಕಬ್ಬಿಣಕ್ಕೆ ದಪ್ಪ ದನಿ, ಸೀಸಕ್ಕೆ ನಡುದನಿ, ಬೆಳ್ಳಿಗೆ ಕೀಚಲು. ಅಂದಿನಿಂದ ಹೊಲ ಖಾಲಿಯಿದ್ದ ದಿನವೆಲ್ಲ ಅವನು ಹೊಲದಲ್ಲಿ.

ಈ ಹವ್ಯಾಸದವರಲ್ಲಿ ಗುಂಡಿ ತೋಡಿ ಹಾಗೆಯೇ ಬಿಟ್ಟುಹೋಗುವವರು ಇದ್ದಾರೆ. ವಿಲ್ಫ್ ಅಂಥವನಲ್ಲ. ಎತ್ತಿದ ಹೆಂಟೆಯನ್ನು ಎತ್ತಿದ ದಿಕ್ಕಿಗೇ ಕೂರಿಸಿ, ಕಾಲಿನಿಂದ ಒತ್ತಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ತೃಪ್ತಿಯಾಗದಿದ್ದರೆ ಮತ್ತೆ ಬಂದು ಒತ್ತುತ್ತಿದ್ದ. ಹ್ಯೂಬರ್ಟ್ ಆಲ್ಡಸ್ ಎಂಬ ಬಿಗಿಮುಖದ ರೈತ ಅವನನ್ನು ತನ್ನ ಹೊಲಗಳಿಗೆ ಬಿಟ್ಟುಕೊಂಡದ್ದು ಇದನ್ನು ನೋಡಿಯೇ. ಸಿಕ್ಕಿದ್ದನ್ನೆಲ್ಲ, ತುಕ್ಕು ಹಿಡಿದ ಮೊಳೆಯನ್ನು ಕೂಡ, ವಿಲ್ಫ್ ಸಂಜೆ ಆಲ್ಡಸ್‌ನ ಅಡಿಗೆಮನೆ ಬಾಗಿಲಿಗೆ ಒಯ್ದು ತೋರಿಸುತ್ತಿದ್ದ. ಬೆಲೆಬಾಳುವುದು ಸಿಕ್ಕರೆ ಇಬ್ಬರಿಗೂ ಸಮಪಾಲು ಎಂದು ಮಾತಾಗಿತ್ತು. ಹನ್ನೊಂದು ವರ್ಷದಲ್ಲಿ ಪಾಲು ಮಾಡುವಂಥದ್ದು ಒಂದೂ ಸಿಕ್ಕಿರಲಿಲ್ಲ. ಸೀಸದ ಗುಂಡು, ಹಿತ್ತಾಳೆಯ ಅಂಗಿಗುಂಡಿ, ಸವೆದ ತಾಮ್ರದ ಕಾಸು, ಇಷ್ಟೇ.

ಅವನಿಗೆ ಬೇಕಾಗಿದ್ದದ್ದು ಒಂದೇ ಒಂದು ಬೆಳ್ಳಿ ಪೆನ್ನಿ, ಹಳೆಯ ಕಾಲದ ನಾಣ್ಯ. ಅದೂ ಆಲ್ಡಸ್‌ನ ಚಾಪೆಲ್ ಹೊಲದ್ದು. ಎಂಟುನೂರು ವರ್ಷದ ಹಿಂದೆ ಆ ಹೊಲದ ಮೂಲೆಯಲ್ಲಿ ಒಂದು ಪುಟ್ಟ ಪ್ರಾರ್ಥನಾಮಂದಿರವಿತ್ತು. ಈಗ ಅದರ ಒಂದು ಕಲ್ಲೂ ಇಲ್ಲ. ಅಲ್ಲಿಗೆ ಬರುತ್ತಿದ್ದವರ ಕೈಯಿಂದ ಒಂದಾದರೂ ಜಾರಿರಬೇಕು ಎಂದು ವಿಲ್ಫ್ ನಂಬಿದ್ದ. ನಂಬಿಕೆ ಅತಾರ್ಕಿಕವೇನೂ ಅಲ್ಲ.

ಕಳೆದ ಆಗಸ್ಟ್‌ನಲ್ಲಿ ಗೋಧಿ ಕೊಯ್ಲು ಮುಗಿದ ದಿನ ಆಲ್ಡಸ್ ಬೇಲಿಗೆ ಒರಗಿ ನಿಂತು ಹೇಳಿದ: "ಚಾಪೆಲ್ ಹೊಲ ಇದೇ ಕೊನೆ, ವಿಲ್ಫ್. ಸೋಲಾರ್ ಕಂಪನಿಯವರಿಗೆ ಕೊಟ್ಟಾಯ್ತು. ಸೆಪ್ಟೆಂಬರ್ ಕೊನೇಲಿ ಸುತ್ತ ಬೇಲಿ ಹಾಕ್ತಾರೆ, ಆಮೇಲೆ ನನ್ನನ್ನೂ ಒಳಗೆ ಬಿಡಲ್ಲ."

ಐದು ವಾರ ಉಳಿದಿತ್ತು.

ಮೊದಲ ಭಾನುವಾರವೇ ವಿಲ್ಫ್ ಕೂಳೆಯ ಸಾಲು ಹಿಡಿದು ನಡೆದ. ಅವನ ಗೆಳೆಯ ನೈಜೆಲ್ ಪ್ರೈಕ್ ಅವನ ಹಿಂದೆಯೇ ಅದೇ ಸಾಲಿನಲ್ಲಿ ಬಂದ. ನೈಜೆಲ್ ಊರಿನ ಅಂಚೆಯವನು, ಬಾಯಿ ಜೋರು; ವಿಲ್ಫ್‌ನ ಶಿಫಾರಸಿನಿಂದಲೇ ಆಲ್ಡಸ್ ಅವನನ್ನೂ ಬಿಟ್ಟಿದ್ದ. ವಿಲ್ಫ್ ಆಗಲೇ ನಡೆದಿದ್ದ ಸಾಲಿನಲ್ಲಿ ನೈಜೆಲ್‌ಗೆ ಒಂದು ಬೆಳ್ಳಿ ಪೆನ್ನಿ ಸಿಕ್ಕಿತು. ಮಾರನೆಯ ದಿನ ಇನ್ನೊಂದು.

"ಏನ್ ಮುದುಕಪ್ಪ, ಹೊಲದಲ್ಲಿ ವಾಕಿಂಗ್ ಹೋಗ್ತಿದ್ದೀಯಾ?" ಎಂದ ನೈಜೆಲ್. "ನಾಳೆ ನನ್ನ ನಾಯೀನೂ ಜೊತೆಗೆ ಕರ್ಕೊಂಡು ಹೋಗು, ಅದಕ್ಕೂ ವ್ಯಾಯಾಮ ಆಗ್ಲಿ."

ವಿಲ್ಫ್ ನಗಲಿಲ್ಲ. ಯಂತ್ರ ಕೆಟ್ಟಿದೆ ಎಂದು ತೀರ್ಮಾನಿಸಿದ. ಕೆಟ್ಟದ್ದೆಂದು ಹಳೆಯದನ್ನು ಬಿಡುವ ಮನಸ್ಸೂ ಇಲ್ಲ, ಅದರ ತೂಕಕ್ಕೆ ಕೈ ಒಗ್ಗಿಹೋಗಿದೆ. ಇದರ ಜೊತೆಗೆ ಇನ್ನೊಂದು ಬೇಕು ಎಂದ. ಯಾವುದು ಎಂದು ಮಂಗಳವಾರ ಪಬ್ಬಿನ ಹಿಂದಿನ ಕೋಣೆಯಲ್ಲಿ ಸೇರುವ ತಮ್ಮ ಕ್ಲಬ್ಬಿನವರನ್ನು ಕೇಳಿದ. ಪ್ರತಿಯೊಬ್ಬನೂ ತನ್ನ ಯಂತ್ರವನ್ನೇ ಹೊಗಳಿದ. ಒಂದಕ್ಕೆ ಆಳ ಹೆಚ್ಚು, ಒಂದಕ್ಕೆ ತೂಕ ಕಡಿಮೆ, ಒಂದು ಕಡಲತೀರದ ಉಪ್ಪು ಮರಳಿನಲ್ಲೂ ತಲೆಕೆಡಿಸಿಕೊಳ್ಳುವುದಿಲ್ಲ. ಕೊನೆಗೆ ಮೂರು ಯಂತ್ರಗಳನ್ನು ಎರವಲು ಕೊಟ್ಟರು, ನೀನೇ ನೋಡಿಕೋ ಎಂದು.

ಶನಿವಾರ ವಿಲ್ಫ್‌ನ ಹಿತ್ತಲಲ್ಲಿ ಪರೀಕ್ಷೆ. ನೈಜೆಲ್ ತನ್ನ ಪೆನ್ನಿಯನ್ನು ಹುಲ್ಲಿನ ಕೆಳಗೆ ನಾಲ್ಕು ಬೆರಳು ಆಳಕ್ಕೆ ಹೂತ. ನಾನು ಬೇಲಿಯ ಈಚೆ ಬಟಾಣಿ ಬಳ್ಳಿ ಕೀಳುತ್ತಿದ್ದೆ. ವಿಲ್ಫ್ ಹೆಡ್‌ಫೋನ್ ಹಾಕಿಕೊಂಡು ಮೊದಲ ಯಂತ್ರವನ್ನು ಆ ಜಾಗದ ಮೇಲೆ ಆಡಿಸಿದ.

"ಸತ್ತಿದೆ" ಎಂದ.

ಎರಡನೆಯದು. "ಇದೂ ಸತ್ತಿದೆ."

ಮೂರನೆಯದು ಕ್ಲಬ್ಬಿನಲ್ಲೇ ಅತಿ ದುಬಾರಿಯದು. ಅದನ್ನು ಆರು ಸಲ ಆಡಿಸಿ, "ಇಷ್ಟು ದುಡ್ಡು ಸುರಿದು ಇದನ್ನ ಯಾರು ತಗೊಂಡ್ರಪ್ಪಾ" ಎಂದ.

"ನಿನಗೆ ಆಡ್ಸೋಕೆ ಬರಲ್ಲ, ಕೊಡು ಇಲ್ಲಿ" ಎಂದು ನೈಜೆಲ್ ಹೆಡ್‌ಫೋನನ್ನು ಅವನ ತಲೆಯಿಂದ ತೆಗೆದು, ಅದರ ತಂತಿಯನ್ನು ಯಂತ್ರದಿಂದ ಕಿತ್ತ.

ಯಂತ್ರದ ದನಿ ಹೊರಗೆ ಬಂತು. ಹಸಿದ ಹಕ್ಕಿಮರಿ ಕಿರುಚಿದ ಹಾಗೆ, ಸಣ್ಣಗೆ, ಸ್ಪಷ್ಟವಾಗಿ. ಬೇಲಿಯಾಚೆ ನನಗೆ ಕೇಳಿಸಿತು. ಅಡಿಗೆಮನೆ ಕಿಟಕಿಯಲ್ಲಿದ್ದ ಅವನ ಹೆಂಡತಿ ಬೆರಿಲ್ ತಲೆಯೆತ್ತಿ ನೋಡಿದಳು.

ವಿಲ್ಫ್ ಯಂತ್ರವನ್ನು ಹಿಡಿದೇ ನಿಂತಿದ್ದ. "ಸ್ವಿಚ್ ಹಾಕೋ ಮಾರಾಯ" ಎಂದ.

ನೈಜೆಲ್ ಕೈಯಲ್ಲಿದ್ದ ತಂತಿಯನ್ನು ನೋಡಿದ, ಆಮೇಲೆ ವಿಲ್ಫ್‌ನ ಕಿವಿಯನ್ನು. ಕ್ಲಬ್ಬಿನ ಈ ಜನರೆಲ್ಲ ವರ್ಷಗಟ್ಟಲೆ ಅಕ್ಕಪಕ್ಕ ನಡೆದಿದ್ದಾರೆ, ಆದರೆ ಪ್ರತಿಯೊಬ್ಬನ ಕಿವಿಯ ಮೇಲೂ ಅವನವನ ಹೆಡ್‌ಫೋನ್. ಇನ್ನೊಬ್ಬನ ಯಂತ್ರ ಏನು ಹೇಳುತ್ತದೆ ಎಂಬುದು ಒಬ್ಬರಿಗೂ ಗೊತ್ತಾಗುವುದಿಲ್ಲ, ಅವನಿಗೆ ಏನು ಕೇಳಿಸುವುದಿಲ್ಲ ಎಂಬುದೂ ಗೊತ್ತಾಗುವುದಿಲ್ಲ.

ಬೆರಿಲ್ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. "ವಿಲ್ಫ್, ಒಲೆಯ ಟೈಮರ್ ಕೂಗಿದ್ದು ಕೇಳಿಸ್ತಾ?"

"ಯಾವಾಗ?"

"ಈಗ. ಇನ್ನೂ ಕೂಗ್ತಾ ಇದೆ."

ಎರಡು ದಿನ ಅವನು ಶೆಡ್ಡಿನಿಂದ ಹೊರಬರಲಿಲ್ಲ. ಮೂರನೆಯ ದಿನ ಬೇಲಿಯ ಹತ್ತಿರ ಬಂದು ನಿಂತ.

"ಡಾಕ್ಟ್ರೇ, ಅವತ್ತು ನಿಮಗೂ ಕೇಳಿಸ್ತಾ?" ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ನನ್ನನ್ನು, ನನ್ನ ಪಿಎಚ್‌ಡಿಯ ಗೌರವಕ್ಕೆ, ಅವನು ಹೀಗೆಯೇ ಕರೆಯುವುದು.

"ಕೇಳಿಸಿತು."

"ಇಲ್ಲೀತನಕ?"

"ಇಲ್ಲೀತನಕ."

ತಲೆಯಾಡಿಸಿದ. "ಹಾಗಾದ್ರೆ ಆ ಪೆನ್ನಿಗಳ ಮೇಲೇ ನಡ್ಕೊಂಡು ಹೋಗಿದೀನಿ. ಎಷ್ಟು ವರ್ಷದಿಂದಲೋ."

ವಯಸ್ಸಾದರೆ ಹೀಗೆಯೇ ಎಂದು ಸಮಾಧಾನ ಹೇಳುವ ಅಭ್ಯಾಸ ನನಗಿಲ್ಲ. ಅವನೂ ಅದಕ್ಕಾಗಿ ಬಂದಿರಲಿಲ್ಲ. ಗರಗಸಗಳ ನಡುವೆ ಮೂವತ್ತೆಂಟು ವರ್ಷ ಕಳೆದವನ ಕಿವಿ ಹೋಗಿದ್ದರಲ್ಲಿ ರಹಸ್ಯವೇನೂ ಇಲ್ಲ, ಆಸ್ಪತ್ರೆಯಲ್ಲಿ ಕಿವಿ ತೋರಿಸು ಎಂದೆ. ಬೆರಿಲ್ ಇದನ್ನೇ ಇನ್ನೂ ಕಡಿಮೆ ಮಾತಿನಲ್ಲಿ ಹೇಳಿದ್ದಳು: "ಮೊದಲು ಕಿವಿ. ಆಮೇಲೆ ಯಂತ್ರ."

ಕಿವಿಪರೀಕ್ಷೆಯಿಂದ ಬಂದವನು ಸೀದಾ ನನ್ನ ಅಡಿಗೆಮನೆಗೇ ಬಂದ. ಬೆರಿಲ್ ಅವನ ಹಿಂದೆ.

"ಆ ಹುಡುಗಿ ನನ್ನ ತಲೆಗೊಂದು ಹೆಡ್‌ಫೋನ್ ಹಾಕಿದ್ಲು. ಸದ್ದು ಬಂದಾಗೆಲ್ಲ ಗುಂಡಿ ಒತ್ತಿ ಅಂದ್ಲು. ಮೊದಲು ಬಂದದ್ದೆಲ್ಲ ಕಬ್ಬಿಣ."

"ಕಬ್ಬಿಣ ಅಲ್ಲ, ದಪ್ಪ ದನಿ" ಎಂದಳು ಬೆರಿಲ್.

"ಕಬ್ಬಿಣವೇ. ಆಮೇಲೆ ಸೀಸ. ಆಮೇಲೆ ಏನೂ ಇಲ್ಲ. ಕಾದೆ, ಕಾದೆ. ಅವಳು ಹೆಡ್‌ಫೋನ್ ತೆಗೆದ್ಲು. ಎಷ್ಟು ಬೆಳ್ಳಿ ಬಿಟ್ಟೆ ಅಂತ ಕೇಳಿದೆ. ಅವಳಿಗೆ ಅರ್ಥ ಆಗ್ಲಿಲ್ಲ."

ಕಿವಿಯೊಳಗೆ ಇಡುವ ಯಂತ್ರ ಬರುವುದು ನವೆಂಬರಿಗೆ ಎಂದು ಆಸ್ಪತ್ರೆಯವರು ಬರೆದು ಕೊಟ್ಟಿದ್ದರು. ಹೊಲ ಮುಚ್ಚುವುದು ಸೆಪ್ಟೆಂಬರ್ ಕೊನೆಗೆ.

ನೈಜೆಲ್ ಒಂದು ದಾರಿ ಹೇಳಿದ. ಹೆಡ್‌ಫೋನ್ ಬೇಡ, ನೀನು ಆಡಿಸು, ನಾನು ಪಕ್ಕದಲ್ಲಿ ಕೇಳಿಸಿಕೊಂಡು ಹೇಳ್ತೀನಿ ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ವಿಲ್ಫ್ ಒಪ್ಪಲಿಲ್ಲ.

"ನಿನ್ನ ಕಿವೀಲಿ ಸಿಕ್ಕಿದ್ದು ನಿಂದು. ನಾನು ಬರೀ ಗುಂಡಿ ತೋಡೋ ಕೂಲಿ."

ಕೀಚಲು ದನಿಯನ್ನು ದಪ್ಪಗಾಗಿಸಬಲ್ಲ ಯಂತ್ರಗಳೂ ಇದ್ದವು. ಒಂದನ್ನು ತಂದು ನೋಡಿದ. ದಪ್ಪಗಾಗಿಸಿದಾಗ ಬೆಳ್ಳಿಯೂ ಮೊಳೆಯೂ ಒಂದೇ ಹಂದಿಯ ಹಾಗೆ ಗುರುಗುಟ್ಟಿದವು. ಚಾಪೆಲ್ ಹೊಲದಲ್ಲಿ ಹೆಜ್ಜೆಗೆರಡು ಮೊಳೆ. ಅದನ್ನು ಹಿಂದಕ್ಕೆ ಕೊಟ್ಟ.

ಆಮೇಲೆ ಅವನು ಕೊಂಡ ಯಂತ್ರವನ್ನು ನೋಡಿ ಇಡೀ ಕ್ಲಬ್ಬು ನಕ್ಕಿತು. ನಿಂಬೆ ಹಳದಿ ಬಣ್ಣದ, ಕಡಲಲ್ಲಿ ಮುಳುಗುವವರು ಬಳಸುವ ಯಂತ್ರ ಅದು. ನೀರೊಳಗೆ ದನಿಯಿಂದ ಪ್ರಯೋಜನವಿಲ್ಲವಾದ್ದರಿಂದ ಲೋಹ ಕಂಡರೆ ಅದರ ಹಿಡಿ ಕೈಯಲ್ಲಿ ನಡುಗುತ್ತದೆ. ಭಾರ ಬೇರೆ. ಮೊಳೆಗೂ ನಡುಗುತ್ತದೆ, ಬೆಳ್ಳಿಗೂ ನಡುಗುತ್ತದೆ, ಭೇದ ಅದಕ್ಕೆ ಗೊತ್ತಿಲ್ಲ.

"ಎಲ್ಲಿ ಮುಳುಗ್ತೀಯೋ?" ಎಂದ ನೈಜೆಲ್. "ಆಲ್ಡಸ್‌ನ ಕುರಿ ನೀರು ಕುಡಿಯೋ ತೊಟ್ಟೀಲಾ?"

"ಲೋಹ ಎಲ್ಲಿದೆ ಅಂತ ಇದು ಹೇಳಿದ್ರೆ ಸಾಕು" ಎಂದ ವಿಲ್ಫ್. "ಏನು ಅಂತ ಹಳೇದು ಹೇಳುತ್ತೆ."

"ಹಳೇದು ಹೇಳಿದ್ದು ನಿನಗೆ ಕೇಳಿಸಲ್ವಲ್ಲ."

"ಕಬ್ಬಿಣ ಕೇಳಿಸುತ್ತೆ. ಸೀಸ ಕೇಳಿಸುತ್ತೆ. ಹಳದೀದು ನಡುಗಿದ ಕಡೆ ಹಳೇದು ಸುಮ್ಮನಿದ್ರೆ ಅದೇನು?"

ಬೆಳ್ಳಿ ಎಂದು ಹೊಳೆದದ್ದೇ ನೈಜೆಲ್ ಎದ್ದು ಹೋಗಿ ಅವನಿಗೊಂದು ಬಿಯರ್ ತಂದಿಟ್ಟನಂತೆ. ತನಗೆ ಕೇಳಿಸದ್ದನ್ನೇ ಸಾಕ್ಷಿಯಾಗಿ ಬಳಸಿಕೊಂಡ ಈ ತರ್ಕವನ್ನು ನನ್ನ ವಿದ್ಯಾರ್ಥಿಗಳಲ್ಲಿ ಯಾರಾದರೂ ಮಾಡಿದ್ದರೆ ನಾನು ಅವರಿಗೆ ಒಳ್ಳೆಯ ಅಂಕ ಕೊಡುತ್ತಿದ್ದೆ.

ಕೆಲಸ ಮಾತ್ರ ಕತ್ತೆ ದುಡಿತ. ಹಳದಿ ಯಂತ್ರ ಹಿಡಿದು ಒಂದು ಸಾಲು ನಡೆಯುವುದು, ನಡುಗಿದ ಕಡೆಯೆಲ್ಲ ಒಂದೊಂದು ಕಡ್ಡಿ ನೆಡುವುದು, ಹಿಂದಿರುಗಿ ಹಳೆಯದನ್ನು ಹಿಡಿದು ಕಡ್ಡಿಯಿಂದ ಕಡ್ಡಿಗೆ ಹೋಗುವುದು. ಗುರುಗುಟ್ಟಿದರೆ ಕಡ್ಡಿ ಕೀಳುವುದು, ಸುಮ್ಮನಿದ್ದರೆ ತೋಡುವುದು. ಒಬ್ಬ ಮನುಷ್ಯ ಒಂದು ದಿನಕ್ಕೆ ಮೂರು ಸಾಲಿಗಿಂತ ಹೆಚ್ಚು ಮುಗಿಸಲಾರ. ಲೆಕ್ಕದಲ್ಲಿ ಒಂದು ದೋಷವೂ ಇತ್ತು: ಹಳದಿಯದು ಹಳೆಯದಕ್ಕಿಂತ ಆಳಕ್ಕೆ ಹೋಗುತ್ತಿತ್ತು, ಆದ್ದರಿಂದ ತೀರ ಆಳದ ಕಬ್ಬಿಣಕ್ಕೂ ಹಳೆಯದು ಸುಮ್ಮನಿರುತ್ತಿತ್ತು. ಮೊದಲ ವಾರ ಅವನು ಮೊಣಕೈ ಆಳದ ಗುಂಡಿಗಳಿಂದ ಒಂಬತ್ತು ಕುದುರೆ ಲಾಳ, ಒಂದು ನೇಗಿಲ ಗುಳ ತೆಗೆದ. ಎಲ್ಲವನ್ನೂ ಆಲ್ಡಸ್‌ನ ಬಾಗಿಲಿಗೆ ಒಯ್ದ.

"ಇನ್ನು ಕುದುರೆ ಒಂದು ಸಿಕ್ಕಿಬಿಟ್ರೆ ಉಳುಮೆ ಶುರು ಮಾಡಬಹುದು" ಎಂದನಂತೆ ಆಲ್ಡಸ್.

ಬೆರಿಲ್ ಅದುವರೆಗೆ ಹೊಲಕ್ಕೆ ಕಾಲಿಟ್ಟವಳಲ್ಲ. ಮಣ್ಣು ಕೆದಕುವುದನ್ನು ನೋಡಲಿಕ್ಕೆ ತನಗೆ ಕೋಳಿಗಳೇ ಇವೆ ಎನ್ನುತ್ತಿದ್ದಳು. ಕೊನೆಯ ವಾರ ಅವನು ಊಟಕ್ಕೂ ಬರದಾದಾಗ ಫ್ಲಾಸ್ಕಿನಲ್ಲಿ ಚಹಾ, ಹ್ಯಾಮ್ ಸ್ಯಾಂಡ್‌ವಿಚ್ ಹೊತ್ತು ನಡೆದಳು. ಇಪ್ಪತ್ತಾರನೆಯ ತಾರೀಕು ನಾನೂ ಜೊತೆಗೆ ಹೋಗಿದ್ದೆ. ಆಚೆ ತುದಿಯಲ್ಲಿ ಸೋಲಾರ್‌ನವರ ಲಾರಿ ಬಂದು ಬೇಲಿಕಂಬಗಳನ್ನು ಇಳಿಸುತ್ತಿತ್ತು. ವಿಲ್ಫ್ ಅದರತ್ತ ಬೆನ್ನು ಹಾಕಿ ಕಡ್ಡಿಯಿಂದ ಕಡ್ಡಿಗೆ ಹೋಗುತ್ತಿದ್ದ.

ಏಳನೆಯ ಕಡ್ಡಿಯ ಹತ್ತಿರ ನಿಂತ. ಹಳೆಯ ಯಂತ್ರವನ್ನು ಅಡ್ಡಡ್ಡ ಆಡಿಸಿದ, ಉದ್ದುದ್ದ ಆಡಿಸಿದ. ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡ.

"ಏನೂ ಇಲ್ಲ" ಎಂದು ನಮ್ಮ ಕಡೆ ಕೂಗಿ ಹೇಳಿದ. ಅವನ ಮುಖದಲ್ಲಿದ್ದದ್ದು ನಿರಾಶೆಯಲ್ಲ.

ಮಂಡಿಯೂರಿ ಹೆಂಟೆ ಎತ್ತಿದ. ಆಳಕ್ಕೆ ಹೋಗಬೇಕಾಗಲಿಲ್ಲ. ಎತ್ತಿದ ಹೆಂಟೆಯ ಅಡಿಯಲ್ಲಿಯೇ ಅಂಟಿಕೊಂಡಿತ್ತು. ಪೂರ್ತಿ ಪೆನ್ನಿಯಲ್ಲ, ಅದರ ಕಾಲುಭಾಗ, ಕತ್ತರಿಸಿದ ತುಂಡು, ನನ್ನ ಕಿರುಬೆರಳ ಉಗುರಿನಷ್ಟು. ಮಣ್ಣು ಸವರಿದಾಗ ಶಿಲುಬೆಯ ಒಂದು ತೋಳು ಕಾಣಿಸಿತು. ಬೆರಿಲ್ ಅದನ್ನು ನೋಡಿ, ಅವನನ್ನು ನೋಡಿ, "ಚಹಾ ಆರುತ್ತೆ, ಕುಡಿ" ಎಂದಳು. ಅವನು ಗುಂಡಿ ಮುಚ್ಚಿ, ಒತ್ತಿ, ಆಮೇಲೆ ಕುಡಿದ.

ಸಂಜೆಯವರೆಗೆ ಕಾಯದೆ ಮೂವರೂ ಆಲ್ಡಸ್‌ನ ಅಡಿಗೆಮನೆ ಬಾಗಿಲಿಗೆ ಹೋದೆವು. ಆಲ್ಡಸ್ ಕನ್ನಡಕ ಹುಡುಕಿ ಹಾಕಿಕೊಂಡು ಅಂಗೈಯಲ್ಲಿ ಇಟ್ಟು ನೋಡಿದ.

"ಉಳಿದ ಮುಕ್ಕಾಲು ಎಲ್ಲಿ?"

"ಆ ಕಾಲದಲ್ಲಿ ಚಿಲ್ಲರೆ ಇರ್ಲಿಲ್ಲ, ಮಿಸ್ಟರ್ ಆಲ್ಡಸ್. ಕತ್ತರಿಸಿ ಕೊಡ್ತಿದ್ರು."

"ಹಾಗಾದ್ರೆ ನನ್ನ ಅರ್ಧವನ್ನೂ ಈಗಲೇ ಕತ್ತರಿಸಿ ಕೊಡ್ತೀಯಾ?"

ವಿಲ್ಫ್ ಅದನ್ನು ನಿಜವೆಂದೇ ತೆಗೆದುಕೊಂಡ. "ಮ್ಯೂಸಿಯಂನವರು ನೋಡಿ ಬರ್ಕೊಂಡ ಮೇಲೆ ಪೂರ್ತಿ ನೀವೇ ಇಟ್ಕೊಳ್ಳಿ. ನನಗೆ ಅದು ಸಿಗಬೇಕಿತ್ತು, ಸಿಕ್ಕಿತು."

ಆಲ್ಡಸ್ ಆ ತುಂಡನ್ನು ಅವನ ಅಂಗೈಗೆ ಹಾಕಿ ಬೆರಳು ಮಡಿಸಿದ. ಆಮೇಲೆ ಒಲೆಯ ಕಡೆ ತಿರುಗಿ, ಕೆಟಲ್ ಇಡುತ್ತ, ಗೋಡೆಗೆ ಹೇಳುವವನ ಹಾಗೆ ಏನೋ ಹೇಳಿದ.

"ಏನಂದ್ರಿ?" ಎಂದ ವಿಲ್ಫ್.

ಆಲ್ಡಸ್ ತಿರುಗಿ ಜೋರಾಗಿ ಹೇಳಿದ: "ಬೇಲಿಕಂಬದವರಿಗೆ ರಸ್ತೆ ಕಡೆಯಿಂದ ಶುರು ಮಾಡಿ ಅಂದಿದೀನಿ. ಚಾಪೆಲ್ ಮೂಲೆಗೆ ಬರೋಕೆ ಇನ್ನೂ ನಾಲ್ಕು ದಿನ ಆಗುತ್ತೆ."

ಆಲ್ಡಸ್ ಕಪ್ಪುಗಳನ್ನು ಕೆಳಗಿಳಿಸುವಷ್ಟರಲ್ಲಿ ವಿಲ್ಫ್ ಅಂಗಳದಲ್ಲಿದ್ದ, ಹಳದಿ ಯಂತ್ರದ ಪಟ್ಟಿಯನ್ನು ಹೆಗಲಿಗೆ ಬಿಗಿದುಕೊಳ್ಳುತ್ತಿದ್ದ. ಬೆರಿಲ್ ಅವನ ಕಪ್ಪನ್ನು ತಾನೇ ಕುಡಿದಳು.